ಹತ್ತೂ ಜನ ನಿದ್ದೆ ಹೋಗಿದ್ದರು

ಮತ್ತಾಯನ ಸುವಾರ್ತೆ 25ನೇ ಅಧ್ಯಾಯದ ಹತ್ತು ಕನ್ಯೆಯರ ಕಥೆ ನಮಗೆಲ್ಲ ಸಂಡೇ ಸ್ಕೂಲಿನಿಂದಲೇ ಬಾಯಿಪಾಠ. ಮದಲಿಂಗನನ್ನು ಎದುರುಗೊಳ್ಳಲು ದೀಪ ಹಿಡಿದು ಹೊರಟವರಲ್ಲಿ ಐದು ಜನ ಬೇರೆ ಎಣ್ಣೆಯನ್ನೂ ತಂದ ಜಾಣೆಯರು, ಐದು ಜನ ತಾರದ ದಡ್ಡಿಯರು. ಮದಲಿಂಗ ಬರುವುದು ತಡವಾಯಿತು, ನಡುರಾತ್ರಿ ಕೂಗು ಕೇಳಿಸಿತು, ಐವರ ದೀಪಕ್ಕೆ ಎಣ್ಣೆ ಸಾಲಲಿಲ್ಲ, ಬಾಗಿಲು ಮುಚ್ಚಿತು. ನಾನು ಬೆಳೆದ ಬೆಟಗೇರಿಯಲ್ಲಿ ಇದನ್ನು ಮಕ್ಕಳ ಕೈಲಿ ನಾಟಕ ಮಾಡಿಸುತ್ತಿದ್ದರು. ಬಿಳಿ ಸೀರೆ, ಕೈಯಲ್ಲಿ ಹಣತೆ. ದಡ್ಡಿಯರ ಪಾರ್ಟು ಸಿಕ್ಕವರಿಗೆ ಭಾರೀ ಖುಷಿ, ಯಾಕೆಂದರೆ ಅವರು ಎಲ್ಲರ ಮುಂದೆ ಜೋರಾಗಿ ಗೊರಕೆ ಹೊಡೆಯಬಹುದಿತ್ತು, ಜನ ಬಿದ್ದು ಬಿದ್ದು ನಗುತ್ತಿದ್ದರು. ಜಾಣೆಯರ ಪಾರ್ಟು ಬರೀ ಬೋರು. ಕಣ್ಣು ಅಗಲ ಮಾಡಿಕೊಂಡು ನೆಟ್ಟಗೆ ಕೂತಿರಬೇಕು, ಅಷ್ಟೇ.

ಸತ್ಯವೇದದಲ್ಲಿ ಹಾಗಿಲ್ಲ. ಐದನೇ ವಚನ ತೆಗೆದು ನೋಡಿ. ಮದಲಿಂಗ ತಡಮಾಡಿದಾಗ ಎಲ್ಲರೂ ತೂಕಡಿಸಿ ಮಲಗಿದರು ಅಂತಲೇ ಇದೆ. ಎಲ್ಲರೂ. ಜಾಣೆಯರೂ ಸೇರಿ ಹತ್ತೂ ಜನ. ಅವರಿಗೆ ನಿದ್ದೆ ಬಂತು ಅಂತ ಯೇಸು ಬೈಯುವುದಿಲ್ಲ, ಒಂದು ಮಾತೂ ಆಡುವುದಿಲ್ಲ. ಆದರೂ ಹದಿಮೂರನೇ ವಚನದಲ್ಲಿ ಕಥೆ ಮುಗಿಯುವುದು "ಎಚ್ಚರವಾಗಿರಿ" ಅಂತ! ಎಲ್ಲರೂ ಮಲಗಿದ ಕಥೆಗೆ ಎಚ್ಚರವಾಗಿರಿ ಅನ್ನೋ ಮುಕ್ತಾಯ. ಇದು ನನ್ನನ್ನು ತುಂಬಾ ದಿನ ಕಾಡಿದ ಪ್ರಶ್ನೆ. ಉತ್ತರ ಸಿಕ್ಕಿದ್ದು ಯಾವ ಪ್ರಸಂಗದಲ್ಲೂ ಅಲ್ಲ, ನನ್ನ ಕೆಲಸದಲ್ಲಿ.

ನಾನು ಹುಬ್ಬಳ್ಳಿಯಲ್ಲಿ ಸ್ಟಾಫ್ ನರ್ಸ್. ನಿದ್ದೆಯ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೈಟ್ ಡ್ಯೂಟಿಯಲ್ಲಿ ಬೆಳಗಿನ ಜಾವ ಮೂರು ಗಂಟೆ ಅನ್ನೋದು ಇದೆಯಲ್ಲ, ಅದರಷ್ಟು ಭಾರದ ಹೊತ್ತು ಇನ್ನೊಂದಿಲ್ಲ. ಚಹಾ ಕುಡಿದರೂ ಅಷ್ಟೇ, ಮುಖ ತೊಳೆದರೂ ಅಷ್ಟೇ. ವಾರ್ಡಿನಲ್ಲಿ ಮಾನಿಟರ್ ಸದ್ದು ಬಿಟ್ಟರೆ ಬೇರೇನಿಲ್ಲ, ರೋಗಿಯ ಕಡೆಯವರು ಕಾರಿಡಾರಿನಲ್ಲಿ ಚಾಪೆ ಹಾಸಿ ಮಲಗಿರುತ್ತಾರೆ, ಯಾರೋ ಒಬ್ಬರು ಎದ್ದು ಬಂದು "ಯಾಕ್ರೀ ಸಿಸ್ಟರ್, ನಿದ್ದಿ ಬಂತೇನ್ರಿ" ಅಂತ ಕೇಳಿ ಹೋಗುತ್ತಾರೆ. ನಿದ್ದೆ ಬರುತ್ತದೆ. ಮನುಷ್ಯರಲ್ವಾ.

ಆ ಹೊತ್ತಿನಲ್ಲಿ ಯಾರದೋ ಹೃದಯ ನಿಂತರೆ ಲೆಕ್ಕಕ್ಕೆ ಬರುವುದು ನನ್ನ ಕಣ್ಣು ಎಷ್ಟು ಅಗಲ ಇತ್ತು ಅನ್ನೋದು ಮಾತ್ರ ಅಲ್ಲ. ರಾತ್ರಿ ಎಂಟಕ್ಕೆ ಡ್ಯೂಟಿಗೆ ಬಂದ ಕೂಡಲೇ ನಾನು ಏನು ಮಾಡಿದ್ದೆ ಅನ್ನೋದು ಬರುತ್ತದೆ. ಎಮರ್ಜೆನ್ಸಿ ಟ್ರಾಲಿ ನೋಡಿದವರಿಗೆ ಗೊತ್ತು, ನಾವು ಕ್ರ್ಯಾಶ್ ಕಾರ್ಟ್ ಅನ್ನುತ್ತೇವೆ. ಮೇಲಿನ ಡ್ರಾದಲ್ಲಿ ಅಡ್ರಿನಲಿನ್, ಅಟ್ರೋಪಿನ್, ಅಮಿಯೊಡರೋನ್ ಆಂಪೂಲ್‌ಗಳು. ಕೆಳಗೆ ಕ್ಯಾನುಲಾ, ಸಿರಿಂಜು. ಅದರ ಕೆಳಗೆ ಟ್ಯೂಬುಗಳು, ಉಸಿರು ಒತ್ತಿ ಕೊಡುವ ಅಂಬು ಬ್ಯಾಗ್, ಟ್ಯೂಬು ಹಾಕುವಾಗ ಗಂಟಲೊಳಗೆ ನೋಡಲಿಕ್ಕೆ ಲ್ಯಾರಿಂಗೋಸ್ಕೋಪ್. ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್. ಪ್ರತಿ ಶಿಫ್ಟಿನಲ್ಲೂ ಒಬ್ಬರು ನಿಂತು ಇದನ್ನೆಲ್ಲ ನೋಡಬೇಕು. ಆಂಪೂಲ್ ಎಣಿಸಬೇಕು, ಎಕ್ಸ್‌ಪೈರಿ ಓದಬೇಕು, ಸಿಲಿಂಡರಿನ ಮುಳ್ಳು ಎಲ್ಲಿದೆ ನೋಡಬೇಕು. ಲ್ಯಾರಿಂಗೋಸ್ಕೋಪಿನ ಬ್ಲೇಡು ಹಿಡಿಕೆಗೆ ಸಿಕ್ಕಿಸಿ ನೆಟ್ಟಗೆ ತೆರೆದರೆ ಟಕ್ ಅಂತ ಸದ್ದಾಗಿ ತುದಿಯ ಪುಟ್ಟ ಬಲ್ಬು ಹತ್ತಬೇಕು. ಬೆಳಕು ಮಂಕಾಗಿದ್ದರೆ ಸೆಲ್ ಬದಲಿಸಬೇಕು. ಆಮೇಲೆ ರಿಜಿಸ್ಟರಿನಲ್ಲಿ ಸಹಿ. ಇದು ಯಾರೂ ಮೆಚ್ಚದ ಕೆಲಸ. ನೂರು ಸಲ ನೋಡಿದರೆ ನೂರು ಸಲವೂ ಎಲ್ಲ ಸರಿಯಾಗೇ ಇರುತ್ತದೆ, ಅದಕ್ಕೇ ನೂರಾ ಒಂದನೇ ಸಲ ನೋಡದೇ ಸಹಿ ಹಾಕೋಣ ಅನ್ನಿಸುತ್ತದೆ.

ಮೆದುಳಿಗೆ ರಕ್ತ ಹೋಗುವುದು ನಿಂತರೆ ನಾಲ್ಕೈದು ನಿಮಿಷದಲ್ಲಿ ಹಾನಿ ಶುರುವಾಗುತ್ತದೆ. ಡಾಕ್ಟರು ಕೈ ಚಾಚಿದಾಗ ಬಲ್ಬು ಹತ್ತದಿದ್ದರೆ ಪಕ್ಕದ ವಾರ್ಡಿಗೆ ಓಡಬೇಕು. ಓಡಬಹುದು, ಸಿಗಲೂಬಹುದು. ಆದರೆ ವಾಪಸ್ ಬರುವ ಹೊತ್ತಿಗೆ?

ಹಾಗಾಗಿ ಆ ಜಾಣೆಯರ ಮೇಲೆ ಇದ್ದ ಸಿಟ್ಟು ನನಗೆ ಈಗ ಹೋಗಿದೆ. ಚಿಕ್ಕವಳಿದ್ದಾಗ ಅವರು ಜಿಪುಣಿಯರು ಅನ್ನಿಸುತ್ತಿತ್ತು. ಕೇಳಿದರೂ ಸ್ವಲ್ಪ ಎಣ್ಣೆ ಕೊಡಲಿಲ್ಲ, ಅಂಗಡಿಗೆ ಹೋಗಿ ಕೊಂಡುಕೊಳ್ಳಿ ಅಂದರು, ಅದೂ ನಡುರಾತ್ರಿ! ಇದೆಂಥಾ ಕ್ರೈಸ್ತ ಪ್ರೀತಿ ಅಂತ ಟೀಚರಿಗೆ ಕೇಳಿದ್ದೆ, ಟೀಚರು ಸುಮ್ನೆ ಕೂತ್ಕೋ ಅಂದಿದ್ದರು. ಈಗ ಅನ್ನಿಸುತ್ತದೆ, ಕೊಡಬಾರದು ಅಂತಲ್ಲ, ಕೊಡಲಿಕ್ಕೆ ಆಗದ ವಸ್ತುವೇ ಅದು. ಎಂಟು ಗಂಟೆಗೆ ನಾನು ಮಾಡಿದ ಚೆಕಿಂಗನ್ನು ಮೂರು ಗಂಟೆಗೆ ಪಕ್ಕದ ವಾರ್ಡಿನವಳಿಗೆ ಹೇಗೆ ಕೊಡಲಿ?

ಆ ಎಣ್ಣೆ ಅಂದರೆ ಏನು ಅಂತ ಕ್ರೈಸ್ತ ಸಭೆ ಹುಟ್ಟಿದಾಗಿನಿಂದ ಚರ್ಚೆ ಇದೆ. ಪವಿತ್ರಾತ್ಮ ಅಂತ ಕೆಲವರು, ಸತ್ಕ್ರಿಯೆ ಅಂತ ಕೆಲವರು, ನಂಬಿಕೆ ಅಂತ ಕೆಲವರು. ಯೇಸು ಬಿಡಿಸಿ ಹೇಳಲಿಲ್ಲ, ನಾನೂ ಹೇಳಲು ಹೋಗುವುದಿಲ್ಲ. ಯಾವುದು ಎಣ್ಣೆ ಅಲ್ಲ ಅನ್ನೋದು ಮಾತ್ರ ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತಿರಬೇಕು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ ಬಂದಿದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದನ್ನು ಹೇಳಿಕೊಳ್ಳುವ ಒಂದು ಗತ್ತು ಇದೆ. ನಮ್ಮ ಮುತ್ತಜ್ಜ ಇಂಥ ಮಿಷನರಿ ಕೈಯಿಂದ ದೀಕ್ಷಾಸ್ನಾನ ತಗೊಂಡಿದ್ದರು, ನಮ್ಮ ಅಜ್ಜ ಸಭೆಯ ಹಿರಿಯರಾಗಿದ್ದರು, ಆ ಬೆಂಚು ನಮ್ಮ ಮನೆತನದ್ದು. ಇರಲಿ, ಒಳ್ಳೆಯದೇ. ಆದರೆ ಮುತ್ತಜ್ಜನ ಎಣ್ಣೆ ಮುತ್ತಜ್ಜನ ದೀಪಕ್ಕೇ ಆಯಿತು. ನಮ್ಮ ಅವ್ವ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಪ್ರಾರ್ಥನೆ ಮಾಡುತ್ತಾರೆ, ನನ್ನ ಹೆಸರನ್ನೂ ಹೇಳುತ್ತಾರೆ, ಅದರಿಂದ ನನಗೆ ಎಷ್ಟು ಒಳ್ಳೆಯದಾಗಿದೆ ಅಂತ ನನಗೇ ಗೊತ್ತು. ಹಾಗಂತ ಅವ್ವನ ಪ್ರಾರ್ಥನೆಯನ್ನು ನನ್ನ ಪ್ರಾರ್ಥನೆ ಅಂತ ಬರೆಸಲಿಕ್ಕೆ ಆಗುವುದಿಲ್ಲ. ಬಾಗಿಲ ಹೊರಗೆ ನಿಂತವರಿಗೆ ಒಳಗಿಂದ ಬಂದ ಉತ್ತರ ನೆನಪಿದೆಯಲ್ಲ? "ನಾನು ನಿಮ್ಮನ್ನು ಅರಿಯೆನು." ನಿಮ್ಮ ಮನೆತನ ಯಾವುದು ಅಂತ ಕೇಳಲಿಲ್ಲ.

ಇನ್ನು ದಿನಾಂಕದವರು. ಪ್ರತಿ ವರ್ಷ ಚರ್ಚಿನ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂದೇ ಬರುತ್ತದೆ. ಕರ್ತನ ಬರುವಿಕೆ, ಅಂದರೆ ಯೇಸು ಮತ್ತೆ ಬರುವುದು, ಇಂಥ ತಿಂಗಳು, ಇಂಥ ಹಬ್ಬದ ದಿನ, ಇಂಥ ದೇಶದ ಯುದ್ಧವೇ ಗುರುತು, ಹತ್ತು ಜನಕ್ಕೆ ಕಳಿಸಿ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಅನ್ನೋ ರೈತ ದಾನಿಯೇಲನ ಪುಸ್ತಕ ಇಟ್ಟುಕೊಂಡು ಲೆಕ್ಕ ಹಾಕಿದ. ಅವನ ಹಿಂದೆ ಹೋದ ಜನ ಕೊನೆಗೆ 1844ರ ಅಕ್ಟೋಬರ್ 22 ಅಂತ ದಿನ ಗೊತ್ತುಮಾಡಿ ಕಾದರು, ಕೆಲವರು ಹೊಲದ ಬೆಳೆ ಕೀಳದೇ ಬಿಟ್ಟರು. ಅಕ್ಟೋಬರ್ 23 ಬಂತು. 2011ರಲ್ಲಿ ಹೆರಾಲ್ಡ್ ಕ್ಯಾಂಪಿಂಗ್ ಅನ್ನೋ ರೇಡಿಯೋ ಪ್ರಸಂಗಿ ಮೇ 21 ಅಂದರು, ಊರೂರಿಗೆ ಬೋರ್ಡು ಹಾಕಿಸಿದರು, ಅದು ದಾಟಿದ ಮೇಲೆ ಅಕ್ಟೋಬರ್ 21 ಅಂದರು.

ದೂರದ ಮಾತು ಯಾಕೆ, ನಮ್ಮ ಸೀಮೆಯದೇ ಒಂದು ಕಥೆ ಇದೆ. 1840ರ ಆಸುಪಾಸಿನಲ್ಲಿ ಈ ಭಾಗದ ಕಾಲಜ್ಞಾನಿಗಳು ಅನ್ನೋ ಪಂಗಡದವರು ಬಾಸೆಲ್ ಮಿಷನರಿಗಳ ಹತ್ತಿರ ಬಂದರು. ಅವರ ಹಳೆಯ ಕಾಲಜ್ಞಾನದ ಮಾತುಗಳಲ್ಲಿ ಹೇಳಿದ್ದ ಹೊತ್ತು ಬಂದಿದೆ, ಹೊರಗಿನಿಂದ ಬರಬೇಕಾದ ಗುರುಗಳು ಇವರೇ ಇರಬೇಕು ಅಂತ. ಮಿಷನರಿಗಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಊರಿಗೆ ಊರೇ ಬರುತ್ತದೆ ಅಂದುಕೊಂಡರು. ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ ಅವರಿಗಾಗಿ ಒಂದು ವಸಾಹತನ್ನೂ ಶುರುಮಾಡಿದರು. ಅಂದುಕೊಂಡಂತೆ ಜನ ಬರಲಿಲ್ಲ, ವಸಾಹತು ಬಹಳ ಕಾಲ ನಡೆಯಲಿಲ್ಲ. ಉಳಿದಿದ್ದು ಯಾವುದು ಅಂದರೆ ಶಾಲೆ, ಆಸ್ಪತ್ರೆ, ಪ್ರತಿ ವಾರದ ಆರಾಧನೆ, ಒಂದೊಂದೇ ಮನೆ. ಫರ್ಡಿನಾಂಡ್ ಕಿಟ್ಟೆಲ್ ಅವರ ಹೆಸರು ಎಲ್ಲರಿಗೂ ಗೊತ್ತು. 1853ರಲ್ಲಿ ಬಂದವರು, ನಿಘಂಟು ಅಚ್ಚಾಗಿದ್ದು 1894ರಲ್ಲಿ. ಕರ್ತನು ಬರುತ್ತಾನೆ ಅಂತ ನಂಬಿದ ಮನುಷ್ಯನೇ ಇಷ್ಟು ವರ್ಷ ಹಿಡಿಯುವ ಕೆಲಸಕ್ಕೆ ಕೂತಿದ್ದು, ನೋಡಿ. ಇದರಲ್ಲಿ ವಿರೋಧ ಇದೆ ಅಂತ ನನಗೆ ಅನ್ನಿಸುವುದಿಲ್ಲ.

ಮೊದಲ ಸಭೆಗಳಿಗೆ ಪತ್ರ ಬರೆದ ಪೌಲನ ಕಾಲದಲ್ಲೂ ಇದೇ ಕಾಯಿಲೆ ಇತ್ತು. ಥೆಸಲೋನಿಕದಲ್ಲಿ ಕರ್ತನ ದಿನ ಬಂದೇಬಿಟ್ಟಿದೆ ಅಂತ ಹಬ್ಬಿಸಿದವರು ಇದ್ದರು, ಕೆಲಸ ಬಿಟ್ಟು ಕಂಡಕಂಡವರ ವಿಷಯದಲ್ಲಿ ತಲೆ ಹಾಕಿಕೊಂಡು ತಿರುಗುವವರೂ ಇದ್ದರು. ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡಬಾರದು ಅಂತ ಪೌಲ ಬರೆದಿದ್ದು ಆ ಸಭೆಗೇ. ಆ ದಿನದ ವಿಷಯ ತಂದೆಗೆ ಹೊರತು ಯಾರಿಗೂ, ದೇವದೂತರಿಗೂ, ಮಗನಿಗೂ ಗೊತ್ತಿಲ್ಲ ಅಂತ ಯೇಸುವೇ ಹೇಳಿರುವಾಗ ನಮ್ಮ ಗ್ರೂಪಿನ ಅಂಕಲ್ಲಿಗೆ ಹೇಗೆ ಗೊತ್ತಾಯಿತು ಅನ್ನೋದು ನನ್ನ ಪ್ರಶ್ನೆ. ಗೌರವ ಇಟ್ಟುಕೊಂಡೇ ಕೇಳುತ್ತಿದ್ದೇನೆ. ದಿನಾಂಕ ಗೊತ್ತಿದ್ದರೆ ಎಚ್ಚರದ ಅವಶ್ಯಕತೆಯೇ ಇಲ್ಲ, ಹಿಂದಿನ ದಿನ ತಯಾರಾದರೆ ಸಾಕು. ಆಸ್ಪತ್ರೆಗೆ ಇನ್‌ಸ್ಪೆಕ್ಷನ್ ಇದೆ ಅಂತ ಗೊತ್ತಾದ ವಾರ ನೆಲ ಎಷ್ಟು ಹೊಳೆಯುತ್ತದೆ ಅಂತ ನಾವು ನೋಡಿಲ್ವಾ!

ಮಾರ್ಕ 13ರಲ್ಲಿ ಇನ್ನೊಂದು ಸಂಗತಿ ಇದೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮನೆಯ ಯಜಮಾನ ಯಾವಾಗ ಬರುತ್ತಾನೋ ಗೊತ್ತಿಲ್ಲ, ಸಂಜೆಗೋ, ನಡುರಾತ್ರಿಗೋ, ಕೋಳಿ ಕೂಗುವಾಗಲೋ, ಬೆಳಗಾಗುವಾಗಲೋ ಅಂತ ಯೇಸು ಹೇಳುತ್ತಾನೆ. ರೋಮಿನವರು ರಾತ್ರಿಯನ್ನು ನಾಲ್ಕು ಪಾಳಿ ಮಾಡಿ ಕಾವಲು ಹಾಕುತ್ತಿದ್ದರು, ಆ ನಾಲ್ಕರ ಹೆಸರು ಇವು. ಈಗ ಮುಂದಿನ ಪುಟ ತಿರುಗಿಸಿ. ಸಂಜೆಯಾದಾಗ ಯೇಸು ಹನ್ನೆರಡು ಮಂದಿಯ ಜೊತೆ ಊಟಕ್ಕೆ ಕೂರುತ್ತಾನೆ, ಅಲ್ಲಿ ಅವನನ್ನು ಹಿಡಿದುಕೊಡುವ ಶಿಷ್ಯ ಯೂದನ ಮಾತು ಬರುತ್ತದೆ. ರಾತ್ರಿ ಗೆತ್ಸೆಮನೆ ತೋಟ, ಶಿಷ್ಯರಾದ ಪೇತ್ರ ಯಾಕೋಬ ಯೋಹಾನ ಮೂವರೂ ಮಲಗಿಬಿಡುತ್ತಾರೆ. ಕೋಳಿ ಕೂಗುವಾಗ ಪೇತ್ರ ಅವನು ಯಾರೋ ಗೊತ್ತಿಲ್ಲ ಅನ್ನುತ್ತಾನೆ. ಬೆಳಗಾದ ಕೂಡಲೇ ಯೇಸುವನ್ನು ರೋಮಿನ ಅಧಿಪತಿ ಪಿಲಾತನ ಹತ್ತಿರ ಎಳೆದುಕೊಂಡು ಹೋಗುತ್ತಾರೆ, ಶಿಷ್ಯರು ಆ ಮೊದಲೇ ಓಡಿಹೋಗಿದ್ದರು. ನಾಲ್ಕು ಪಾಳಿ, ನಾಲ್ಕರಲ್ಲೂ ಫೇಲು. ಲೋಕದ ಅಂತ್ಯ, ನಕ್ಷತ್ರ ಉದುರೋದು, ಇದನ್ನೆಲ್ಲ ಕಾಯುತ್ತಾ ಕೂತವರಿಗೆ ಪರೀಕ್ಷೆ ಬಂದಿದ್ದು ಅದೇ ವಾರ, ಒಂದು ಊಟದ ಮನೆಯಲ್ಲಿ, ಒಂದು ತೋಟದಲ್ಲಿ, ಬೆಂಕಿ ಕಾಯಿಸುತ್ತಾ ನಿಂತ ಅಂಗಳದಲ್ಲಿ. ಕೇಳಿದ್ದು ಒಬ್ಬ ಕೆಲಸದ ಹುಡುಗಿ. ನೀನೂ ಅವನ ಜೊತೆ ಇದ್ದವನಲ್ಲವೇ ಅಂತ. ಅಷ್ಟೇ ಪ್ರಶ್ನೆ.

ಗೆತ್ಸೆಮನೆಯಲ್ಲಿ ಯೇಸು ಅವರಿಗೆ ಕೇಳಿದ್ದು ಒಂದು ಗಳಿಗೆಯ ಎಚ್ಚರ. ನನ್ನ ಸಂಗಡ ಒಂದು ಗಳಿಗೆಯಾದರೂ ಎಚ್ಚರವಾಗಿರಲಾರಿರಾ ಅಂತ. ಆ ದನಿಯಲ್ಲಿ ಬೈಗುಳಕ್ಕಿಂತ ನೋವು ಜಾಸ್ತಿ. ರಾತ್ರಿ ಎಲ್ಲ ರೋಗಿಯ ಕೈ ಹಿಡಿದು ಕೂತವರನ್ನು ನಾನು ನೋಡಿದ್ದೇನೆ, ಒಂದು ಹೊತ್ತು ಬರುತ್ತದೆ, ಆ ರೋಗಿಗೆ ಔಷಧಿ ಏನೂ ಬೇಡ, ಪಕ್ಕದಲ್ಲಿ ಒಬ್ಬರು ಎಚ್ಚರ ಇದ್ದರೆ ಸಾಕು. ಯೇಸುವಿಗೆ ಆ ರಾತ್ರಿ ಅದೂ ಸಿಗಲಿಲ್ಲ. ಆದರೂ ಅವರನ್ನು ಕೈಬಿಡಲಿಲ್ಲ. "ಆತ್ಮ ಸಿದ್ಧವಾಗಿದೆ, ಶರೀರಕ್ಕೆ ಬಲ ಸಾಲದು" ಅಂತ ಅವರ ಪರವಾಗಿ ತಾನೇ ಕಾರಣ ಕೊಟ್ಟ.

ರಾತ್ರಿಯ ನಿದ್ದೆಗಿಂತ ನನಗೆ ಹಗಲಿನ ನಿದ್ದೆಯ ಭಯವೇ ಹೆಚ್ಚು. ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸಿಗೆ ಕೂತಿದ್ದ ಎವಾಗ್ರಿಯಸ್ ಅನ್ನೋ ಸನ್ಯಾಸಿ (ತೀರಿಕೊಂಡಿದ್ದು 399ರಲ್ಲಿ) ಇದರ ಬಗ್ಗೆ ಬರೆದಿದ್ದಾನೆ. ಎಲ್ಲಕ್ಕಿಂತ ಕಾಟ ಕೊಡುವ ದೆವ್ವ ಬರುವುದು ನಡುಹಗಲಲ್ಲಿ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅಂತೆ. ಸೂರ್ಯ ನಿಂತಲ್ಲೇ ನಿಂತ ಹಾಗೆ, ದಿನಕ್ಕೆ ಐವತ್ತು ಗಂಟೆ ಇದ್ದ ಹಾಗೆ ಅನ್ನಿಸುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿ ನೋಡುತ್ತಾನೆ, ಹೊರಗೆ ಬಂದು ಊಟದ ಹೊತ್ತು ಇನ್ನೆಷ್ಟು ದೂರ ಅಂತ ಸೂರ್ಯನನ್ನು ನೋಡುತ್ತಾನೆ, ಯಾರಾದರೂ ಬಂದಾರೇನೋ ಅಂತ ಆಚೀಚೆ ನೋಡುತ್ತಾನೆ. ಆಮೇಲೆ ಈ ಜಾಗವೇ ಸರಿಯಿಲ್ಲ, ಈ ಕೆಲಸವೇ ಬೇಡ, ಇಲ್ಲಿಯವರಿಗೆ ಪ್ರೀತಿಯೇ ಇಲ್ಲ ಅಂತ ಶುರುವಾಗುತ್ತದೆ. ಸಾವಿರದ ಆರುನೂರು ವರ್ಷದ ಹಿಂದಿನ ಮಾತು! ಕಿಟಕಿ ಬದಲು ಮೊಬೈಲ್ ಅಂತ ಓದಿದರೆ ನಿನ್ನೆ ಮಧ್ಯಾಹ್ನದ ನನ್ನದೇ ವರ್ಣನೆ. ಅಂಥ ಹೊತ್ತಲ್ಲಿ ದೊಡ್ಡ ಪಾಪ ಏನೂ ನಡೆಯುವುದಿಲ್ಲ. ರೀಲ್ಸ್ ಮೇಲಕ್ಕೆ ತಳ್ಳುತ್ತಾ ತಳ್ಳುತ್ತಾ ಒಂದು ಗಂಟೆ ಹೋಗುತ್ತದೆ, ಎದ್ದಾಗ ಯಾರ ಮೇಲೋ ಸಣ್ಣ ಅಸೂಯೆ, ಏನೋ ಒಂದು ಬೇಸರ, ಪ್ರಾರ್ಥನೆ ನಾಳೆ ಮಾಡಿದರಾಯಿತು.

ಲೂಕ 21:34ರಲ್ಲಿ ಯೇಸು ಮನಸ್ಸನ್ನು ಭಾರ ಮಾಡುವ ಮೂರು ಸಂಗತಿ ಹೇಳುತ್ತಾನೆ. ಅತಿಯಾದ ತಿಂಡಿ ಉಣಿಸು, ಕುಡಿತ, ಮೂರನೆಯದು ಪ್ರಪಂಚದ ಚಿಂತೆಗಳು. ಮೊದಲೆರಡನ್ನು ನಾವು ಚರ್ಚಿನಲ್ಲಿ ಚೆನ್ನಾಗಿ ಬೈಯುತ್ತೇವೆ. ಕುಡಿದು ಬಂದವನನ್ನು ಹಿಂದಿನ ಬೆಂಚಿನವರೂ ಗುರುತು ಹಿಡಿಯುತ್ತಾರೆ. ಮೂರನೆಯದನ್ನು ಮಾತ್ರ ಜವಾಬ್ದಾರಿ ಅನ್ನುತ್ತೇವೆ. ಮಗನ ಸೀಟು, ಮಗಳ ಸಂಬಂಧ, ಮನೆ ಸಾಲದ ಕಂತು, ಕೇಶ್ವಾಪುರದಲ್ಲಿ ಒಂದು ಸೈಟು. ಇದರಲ್ಲಿ ಯಾವುದೂ ತಪ್ಪಲ್ಲ, ನನಗೂ ಕಂತು ಇದೆ. ಆದರೆ ಯೇಸು ಇದನ್ನು ಕುಡಿತದ ಪಕ್ಕದಲ್ಲೇ ಕೂರಿಸಿದ್ದಾನೆ, ಅದನ್ನು ಮರೆಯುವ ಹಾಗಿಲ್ಲ. ನೋಹನ ಕಾಲದ ಜನರ ಬಗ್ಗೆಯೂ ಅವನು ಹೇಳಿದ್ದು ಇಷ್ಟೇ: ಉಣ್ಣುತ್ತಿದ್ದರು, ಕುಡಿಯುತ್ತಿದ್ದರು, ಮದುವೆ ಮಾಡಿಕೊಳ್ಳುತ್ತಿದ್ದರು.

ಡಿಸೆಂಬರ್ 31ರ ರಾತ್ರಿ ಆರಾಧನೆಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಕೆಲವರಿಗೆ ಸಿಟ್ಟು ಬರಬಹುದು. ಜರ್ಮನಿಯ ಹೆರ್ನ್‌ಹುಟ್ ಅನ್ನೋ ಊರಿನ ಮೊರೇವಿಯನ್ ಸಭೆಯವರು 1733ರಲ್ಲಿ ಹೊಸ ವರ್ಷದ ಹಿಂದಿನ ರಾತ್ರಿ ಜಾಗರಣೆ ಮಾಡಿ ಪ್ರಾರ್ಥಿಸಿದರು. ಇಂಗ್ಲೆಂಡಿನಲ್ಲಿ 1740ರಲ್ಲಿ ಕಿಂಗ್ಸ್‌ವುಡ್ ಅನ್ನೋ ಊರಿನ ಗಣಿ ಕೆಲಸಗಾರರು ರಾತ್ರಿಯನ್ನು ಹೆಂಡದಂಗಡಿಯ ಬದಲು ಪ್ರಾರ್ಥನೆಯಲ್ಲಿ ಕಳೆದರು, ಮೆಥಡಿಸ್ಟ್ ಪ್ರಸಂಗಿ ಜಾನ್ ವೆಸ್ಲಿ ಅದನ್ನು ಬೆಳೆಸಿದರು. ಅಲ್ಲಿಂದ ಬಂದ ಪದ್ಧತಿ ಇದು, ಒಳ್ಳೆಯ ಪದ್ಧತಿ. ನಮ್ಮಲ್ಲಿ ಆ ರಾತ್ರಿ ಹನ್ನೊಂದೂವರೆಗೆ ಚರ್ಚಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಹೊರಗೆ ಶಾಮಿಯಾನ. ಹನ್ನೆರಡಕ್ಕೆ ಗಂಟೆ ಬಾರಿಸುತ್ತಾರೆ, ಕೇಕು, ಕೈಕುಲುಕು, ಈ ವರ್ಷ ಹೊಸ ಮನುಷ್ಯ ಆಗುತ್ತೇನೆ ಅಂತ ತೀರ್ಮಾನ. ಜನವರಿ ಎರಡನೇ ಭಾನುವಾರ ಬಂದು ನೋಡಿ. ಫ್ಯಾನು ಹಾಕದಿದ್ದರೂ ಗಾಳಿ ಆಡುತ್ತದೆ. ಅದೇ ಹೆರ್ನ್‌ಹುಟ್‌ನವರು 1727ರಲ್ಲಿ ಇನ್ನೊಂದು ಕೆಲಸ ಶುರುಮಾಡಿದ್ದರು. 24 ಗಂಡಸರು, 24 ಹೆಂಗಸರು, ದಿನದ ಒಂದೊಂದು ಗಂಟೆ ಹಂಚಿಕೊಂಡು ಪ್ರಾರ್ಥನೆ. ಅದು ನೂರು ವರ್ಷಕ್ಕಿಂತ ಹೆಚ್ಚು ಕಾಲ ನಡೆಯಿತು. ಯಾರೂ ಇಪ್ಪತ್ನಾಲ್ಕು ಗಂಟೆ ಎಚ್ಚರ ಇರಲಿಲ್ಲ. ತಮ್ಮ ಗಂಟೆಗೆ ಎದ್ದರು, ಮುಂದಿನವರಿಗೆ ಒಪ್ಪಿಸಿ ಮಲಗಿದರು. ನನಗಂತೂ ಇದು ಡ್ಯೂಟಿ ಹ್ಯಾಂಡೋವರ್ ಥರ ಕೇಳಿಸುತ್ತದೆ, ಅದಕ್ಕೇ ಇಷ್ಟ. ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ಕು ಜನರೂ ಒಂದೇ ದಿನ ಮಂಕಾಗುವುದು ಕಡಿಮೆ, ಅಲ್ವಾ? ಒಬ್ಬರಿಗೆ ಆಗದ ದಿನ ಇನ್ನೊಬ್ಬರು ವಾಕ್ಯ ಓದಲಿ. ಒಬ್ಬರೇ ಕಾಯುತ್ತೇನೆ ಅನ್ನುವವರು ಬೇಗ ಮಲಗುತ್ತಾರೆ.

ತಾವು ಮಲಗೋದೇ ಇಲ್ಲ ಅನ್ನುವವರ ಕಥೆ ಸಾರ್ದಿಸಿನದು. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 3ನೇ ಅಧ್ಯಾಯದಲ್ಲಿ ಎಚ್ಚರವಾಗು, ಇಲ್ಲದಿದ್ದರೆ ಕಳ್ಳನಂತೆ ಬರುತ್ತೇನೆ ಅನ್ನಿಸಿಕೊಂಡ ಊರು. ಎತ್ತರದ ಗುಡ್ಡದ ಮೇಲೆ ಕೋಟೆ, ಯಾರಿಗೂ ಹತ್ತಲಾಗದು ಅನ್ನೋ ಹೆಮ್ಮೆ. ಎರಡು ಸಲ ಬಿತ್ತು. ಕ್ರಿ.ಪೂ. 6ನೇ ಶತಮಾನದಲ್ಲಿ ಪರ್ಶಿಯದ ರಾಜ ಕೋರೆಷನ (ಸೈರಸ್) ಸೈನಿಕರು, ಕ್ರಿ.ಪೂ. 3ನೇ ಶತಮಾನದಲ್ಲಿ ಅಂತಿಯೋಕ ರಾಜನ ಸೈನಿಕರು, ಎರಡು ಸಲವೂ ಕಡಿದಾದ ಕಡೆಯಿಂದಲೇ ಹತ್ತಿದರು. ಆ ಕಡೆ ಕಾವಲೇ ಇರಲಿಲ್ಲ. ನನಗೆ ಆ ವಿಷಯದಲ್ಲಿ ಪ್ರಾಬ್ಲಂ ಇಲ್ಲ ಬಿಡಿ ಅಂತ ನಾವು ಯಾವುದರ ಬಗ್ಗೆ ಹೇಳುತ್ತೇವೋ ಅಲ್ಲೇ ಒಮ್ಮೆ ನೋಡಿಕೊಳ್ಳೋದು ಒಳ್ಳೆಯದು.

ನನ್ನನ್ನು ಕೇಳಿದರೆ ನಮ್ಮ ಕಡೆಯವರ ಕಾವಲಿಲ್ಲದ ಬದಿ ಮಾತು ಬಿಡೋದು. ಅಣ್ಣ ತಮ್ಮ ಮಾತಾಡೋದಿಲ್ಲ, ಅಕ್ಕ ತಂಗಿ ಮಾತಾಡೋದಿಲ್ಲ, ಕಮಿಟಿ ಎಲೆಕ್ಷನ್ ಆಗಿ ಎಷ್ಟೋ ವರ್ಷವಾಗಿದೆ, ಇವರು ಎಡಗಡೆ ಬೆಂಚು, ಅವರು ಬಲಗಡೆ ಬೆಂಚು, ಕರ್ತನ ಭೋಜನಕ್ಕೆ ಮಾತ್ರ ಒಂದೇ ಬಟ್ಟಲು. ಒಂದು ರಾತ್ರಿ ಐಸಿಯುನಲ್ಲಿ ನವಲಗುಂದ ಕಡೆಯ ಹಿರಿಯರೊಬ್ಬರು ಇದ್ದರು. ಬೆಳಗಿನ ಜಾವ ನನ್ನನ್ನು ಕರೆದು "ಸಿಸ್ಟರ್, ನಮ್ಮ ತಮ್ಮಗ ಒಂದು ಫೋನ್ ಹಚ್ಚಿ ಕೊಡ್ರಿ" ಅಂದರು. ಅವರ ಮೊಬೈಲಿನಲ್ಲಿ ತಮ್ಮನ ನಂಬರೇ ಇರಲಿಲ್ಲ, ಸಿಟ್ಟಿನಲ್ಲಿ ಯಾವತ್ತೋ ಅಳಿಸಿದ್ದರಂತೆ. ಹೊಲದ ಬದುವಿನ ಜಗಳ. ಹೊರಗೆ ಮಲಗಿದ್ದ ಮಗನನ್ನು ಎಬ್ಬಿಸಿದೆ, ಅವನ ಹತ್ತಿರ ಕಾಕಾನ ನಂಬರ್ ಇತ್ತು, ಅಪ್ಪನಿಗೆ ಗೊತ್ತಾಗದ ಹಾಗೆ ಇಟ್ಟುಕೊಂಡಿದ್ದ. ಫೋನ್ ಹಚ್ಚಿದರೆ ಎರಡೂ ಕಡೆ ಬಹಳ ಹೊತ್ತು ಮಾತೇ ಇಲ್ಲ. ಆಮೇಲೆ ಇವರು "ಉಂಡಿಯೇನೋ" ಅಂದರು. ರಾತ್ರಿ ಮೂರೂವರೆಗೆ! ತಮ್ಮ ಬೆಳಗಿನ ಮೊದಲ ಬಸ್ಸಿಗೆ ಬಂದ. ಹಿರಿಯರು ಬದುಕಿಕೊಂಡರು. ಡಿಸ್ಚಾರ್ಜ್ ದಿನ ಬಿಲ್ ಕೌಂಟರ್ ಮುಂದೆ ಇಬ್ಬರೂ ಮತ್ತೆ ಅದೇ ಬದುವಿನ ವಿಷಯಕ್ಕೆ ಜಗಳ ಆಡುತ್ತಿದ್ದರು, ಆದರೆ ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಕೈ ಇತ್ತು.

ಎಲ್ಲರಿಗೂ ಆ ಮೂರೂವರೆ ಗಂಟೆ ಸಿಗುವುದಿಲ್ಲ. ಕಾಣಿಕೆ ತಂದವನಿಗೆ ಸಹೋದರನ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಹೋಗು ಅಂದಿದ್ದು, ಸೂರ್ಯ ಮುಳುಗುವ ಮುಂಚೆ ಸಿಟ್ಟು ತೀರಲಿ ಅಂದಿದ್ದು, ಇವೆಲ್ಲ ಎಚ್ಚರದ ಮಾತುಗಳೇ ಅಂತ ನಾನು ಓದುತ್ತೇನೆ, ಆ ಅಧ್ಯಾಯಗಳಲ್ಲಿ ಕೊನೆಯ ದಿನದ ತುತೂರಿ ಇಲ್ಲದಿದ್ದರೂ. ಮತ್ತಾಯ 24ರ ಕೊನೆಯಲ್ಲಿ ಧನ್ಯ ಅನ್ನಿಸಿಕೊಂಡ ಆಳು ಏನು ಮಾಡುತ್ತಿದ್ದ ಗೊತ್ತಲ್ಲ? ಆಕಾಶ ನೋಡುತ್ತಿರಲಿಲ್ಲ. ಮನೆಯವರಿಗೆ ಹೊತ್ತು ಹೊತ್ತಿಗೆ ಊಟ ಬಡಿಸುತ್ತಿದ್ದ. ಯಜಮಾನ ಬಂದಾಗ ಕೈಯಲ್ಲಿ ಸೌಟು ಇತ್ತು ಅಂತ ಇಟ್ಟುಕೊಳ್ಳಿ. ಅದೇ ಸಾಕಾಯಿತು.

ಹೋದ ಸಲ ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಮನೆ ಪ್ರಾರ್ಥನೆಗೆ ಲೂಕ 12 ತೆಗೆದುಕೊಂಡಿದ್ದೆವು. ನಿಮ್ಮ ನಡು ಕಟ್ಟಿರಲಿ, ದೀಪ ಉರಿಯುತ್ತಿರಲಿ ಅನ್ನೋ ಭಾಗ. ಯಜಮಾನ ಮದುವೆ ಊಟದಿಂದ ತಡರಾತ್ರಿ ಬಂದು ಬಾಗಿಲು ತಟ್ಟುತ್ತಾನೆ, ಎಚ್ಚರವಾಗಿದ್ದ ಆಳುಗಳು ಬಾಗಿಲು ತೆಗೆಯುತ್ತಾರೆ. ಇಲ್ಲಿವರೆಗೆ ಎಲ್ಲ ಸರಿ. ಆಮೇಲೆ 37ನೇ ವಚನದಲ್ಲಿ ಯಜಮಾನ ತಾನೇ ನಡು ಕಟ್ಟಿಕೊಂಡು, ಆಳುಗಳನ್ನು ಊಟಕ್ಕೆ ಕೂರಿಸಿ, ತಾನೇ ಬಡಿಸುತ್ತಾನೆ. ಸಭಾಪಾಲಕರು ಇದನ್ನು ಎರಡು ಸಲ ಓದಿದರು. ರಾತ್ರಿ ಎರಡು ಗಂಟೆಗೆ ಮನೆಗೆ ಬಂದ ಯಾವ ಯಜಮಾನ ಹೀಗೆ ಮಾಡುತ್ತಾನೆ ಹೇಳಿ ಅಂತ ಕೇಳಿದರು. ಯಾರೂ ಮಾತಾಡಲಿಲ್ಲ. ಬಾಗಿಲ ಹತ್ತಿರ ಗೋಡೆಗೆ ಆನಿಕೊಂಡು ಕೂತಿದ್ದ ಆಯಿ ಒಬ್ಬರು, ಜೀವಮಾನವೆಲ್ಲ ಬೇರೆಯವರ ಮನೆಯಲ್ಲಿ ಅಡಿಗೆ ಮಾಡಿದವರು, ಮೊದಲು ನಕ್ಕರು. ಆಮೇಲೆ ಕೇಳಿದರು, "ಹಂಗಾದ್ರ ಅವತ್ತ ನಾ ಏಳೂದು ಬ್ಯಾಡೇನ್ರಿ, ಕುಂತಲ್ಲೇ ಉಣಬೇಕೇನು?"

ಹೌದು ಆಯಿ, ಕುಂತಲ್ಲೇ ಅಂದರು ಸಭಾಪಾಲಕರು. ಆಯಿಗೆ ಅದನ್ನು ನಂಬಲು ಆಗಲಿಲ್ಲ. ಬಡಿಸಾಕ ಅವಂಗ ರೂಢಿ ಐತೇನು ಅಂತ ಇನ್ನೊಂದು ಪ್ರಶ್ನೆ ಹಾಕಿದರು. ಐದು ಸಾವಿರ ಮಂದಿಗೆ ಬಡಿಸಿದ್ದು, ಪುನರುತ್ಥಾನವಾದ ಮೇಲೆ ಕೆರೆಯ ದಡದಲ್ಲಿ ಬೆಂಕಿ ಮಾಡಿ ಮೀನು ಸುಟ್ಟು ಶಿಷ್ಯರನ್ನು ಊಟಕ್ಕೆ ಕರೆದಿದ್ದು, ಎಲ್ಲ ಒಂದೊಂದಾಗಿ ಹೊರಗೆ ಬಂತು. ಅವತ್ತಿನ ಪ್ರಾರ್ಥನೆ ಮುಗಿಯುವುದು ಬಹಳ ತಡವಾಯಿತು.